ರಟ್ಟೆ ನುಣುಪು, ಕತ್ತು ಒರಟು: ವಯಸ್ಸೋ, ಬಿಸಿಲೋ?

ಪ್ರಶ್ನೆ: ನನಗೆ 56 ವರ್ಷ. ಚಳ್ಳಕೆರೆ ಹತ್ತಿರ ಶೇಂಗಾ, ಈರುಳ್ಳಿ ಬೆಳೆಯುತ್ತೇನೆ. ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಅಡ್ಡಾದಿಡ್ಡಿ ಗೆರೆ ಬಿದ್ದಿವೆ. ರಟ್ಟೆಯ ಒಳಭಾಗ ಮಾತ್ರ ನುಣುಪಾಗಿಯೇ ಇದೆ. ಈಚೆಗೆ ಮುಂಗೈ, ಮೊಣಕಾಲ ಕೆಳಗೆ ಸಣ್ಣ ಬಿಳಿ ಚುಕ್ಕೆಗಳೂ ಕಾಣುತ್ತಿವೆ. ತೊನ್ನೇ? ಮುಖದ ಕಪ್ಪಿಗೆ ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟ ಕ್ರೀಮು ಹಚ್ಚುತ್ತಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ರಟ್ಟೆಗೂ ಕತ್ತಿಗೂ ವಯಸ್ಸು 56ಏ. ಅಂಗಿಯೊಳಗಿನ ಚರ್ಮದಲ್ಲಿ ಕಾಣುವುದು ಬರೀ ವಯಸ್ಸಿನ ಕೆಲಸ. ಕತ್ತಿನಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣುವುದೆಲ್ಲ ಬಿಸಿಲಿನದು.

ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಹರೆಯದಲ್ಲಿ ಸುಮಾರು 28 ದಿನಕ್ಕೆ ಹೊಸದಾಗುವ ಮೇಲ್ಪದರಕ್ಕೆ ಈಗ 40 ದಿನಕ್ಕೂ ಹೆಚ್ಚು ಬೇಕು. ಒಳಪದರದಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರು ವರ್ಷಕ್ಕೆ ಸುಮಾರು ಶೇ 1ರಂತೆ ಕಡಿಮೆಯಾಗುತ್ತದೆ. ಎರಡೂ ಪದರ ಒಂದಕ್ಕೊಂದು ಹಲ್ಲು ಕಚ್ಚಿ ಕೂತಿರುವ ಜಾಗ ಚಪ್ಪಟೆಯಾಗುವುದರಿಂದ, ವಯಸ್ಸಾದವರ ಚರ್ಮ ಸ್ವಲ್ಪ ತರಚಿದರೂ ಕಿತ್ತು ಬರುತ್ತದೆ.

ಬಿಸಿಲಿನ ದಾರಿ ಬೇರೆ. ಅದರ ನೇರಳಾತೀತ ಕಿರಣಗಳಲ್ಲಿ ‘ಬಿ’ ಬಗೆಯದು ಹೆಚ್ಚಾಗಿ ಮೇಲ್ಪದರದಲ್ಲೇ ನಿಲ್ಲುತ್ತದೆ. ‘ಎ’ ಬಗೆಯದು ಒಳಪದರದವರೆಗೆ ಇಳಿದು, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಕೆರಳಿಸುತ್ತದೆ. ಜೊತೆಗೆ ಚರ್ಮಕ್ಕೆ ಪುಟಿತ ಕೊಡುವ ಎಲಾಸ್ಟಿನ್ ನಾರು ಕೆಟ್ಟು, ಗಂಟುಗಂಟಾಗಿ ಶೇಖರವಾಗುತ್ತದೆ. ಹಾಗಾಗಿಯೇ ನಿಮ್ಮ ಕತ್ತು ತೆಳುವಾಗುವ ಬದಲು ದಪ್ಪಗಾಗಿ, ಚೌಕುಳಿ ಬಿದ್ದಿದೆ. ‘ಎ’ ಕಿರಣ ಕಿಟಕಿ ಗಾಜಿನಲ್ಲೂ ತೂರುತ್ತದೆ. ಗಾಜು ಏರಿಸಿಕೊಂಡೇ ಲಾರಿ ಓಡಿಸುವವರ ಬಲಗೈ ಕಪ್ಪಾಗುವುದಕ್ಕೂ ಇದೇ ಕಾರಣ. ಕಂದು ಚರ್ಮದವರಿಗೆ ಸುಕ್ಕು ತಡವಾಗಿ ಬರುತ್ತದೆ. ಬಂಗು, ಕಪ್ಪು ಕಲೆ ಮೊದಲು ಬರುತ್ತವೆ.

ಬಿಳಿ ಚುಕ್ಕೆಗಳು ಸಾಸಿವೆಯಿಂದ ಜೋಳದ ಕಾಳಿನಷ್ಟೇ ಇದ್ದು, ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿದ್ದರೆ ಸಾಮಾನ್ಯವಾಗಿ ತೊನ್ನಲ್ಲ. ವಯಸ್ಸಿಗೆ, ಬಿಸಿಲಿಗೆ ಬಣ್ಣದ ಕೋಶಗಳು ಕಡಿಮೆಯಾಗಿ ಹಾಗಾಗಿರುತ್ತದೆ, ಔಷಧಿಯೂ ಬೇಕಿಲ್ಲ. ತೊನ್ನು ಹಾಲಿನಷ್ಟು ಬೆಳ್ಳಗಿರುತ್ತದೆ, ಹರಡುತ್ತದೆ, ತುಟಿ, ಬೆರಳ ತುದಿಗಳಲ್ಲಿ ಹೆಚ್ಚು. ಕಣ್ಣು ಮುಚ್ಚಿಕೊಂಡು, ಮನೆಯವರಿಂದ ಆ ಜಾಗಕ್ಕೆ ಹತ್ತಿಯ ಎಳೆ ಸೋಕಿಸಿ ನೋಡಿ. ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠವಿರಬಹುದು, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪೂರ್ತಿ ವಾಸಿಯಾಗುವ ಕಾಯಿಲೆ, ಔಷಧಿಯೂ ಉಚಿತ.

ಚಿಂತೆಯಿರುವುದು ನಿಮ್ಮ ಕ್ರೀಮಿನ ಬಗ್ಗೆ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದಿದೆಯೇ ನೋಡಿ. ಇವು ಸ್ಟೀರಾಯ್ಡ್. ಮೊದಮೊದಲು ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ. ಬಿಟ್ಟರೆ ಉರಿ, ಉರಿಗೆ ಮತ್ತೆ ಅದೇ ಕ್ರೀಮು. ವಯಸ್ಸು, ಬಿಸಿಲು ಸೇರಿ ಹತ್ತಾರು ವರ್ಷದಲ್ಲಿ ಮಾಡುವ ಹಾಳನ್ನು ಇದು ಕೆಲವೇ ತಿಂಗಳಲ್ಲಿ ಮಾಡೀತು. ಟ್ಯೂಬಿನ ಸಮೇತ ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ನಿಲ್ಲಿಸಿ.

ಬಿಸಿಲಿಗೆ ಮೊದಲ ಮದ್ದು ಬಟ್ಟೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ 12.30ರ ಸುಮಾರಿಗೆ, 10ರಿಂದ 3ರವರೆಗಿನ ಕೆಲಸ ಆದಷ್ಟು ತಪ್ಪಿಸಿ. ಒತ್ತು ನೇಯ್ಗೆಯ ತುಂಬುತೋಳಿನ ಅಂಗಿ ಹಾಕಿ, ಟವೆಲ್ಲನ್ನು ತಲೆಗೆ ಸುತ್ತಿ ಕತ್ತಿನ ಮೇಲೂ ಇಳಿಬಿಡಿ. ಬಿಳಿ ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ತಡೆಯುವ ಶಕ್ತಿ ಕುಗ್ಗುತ್ತದೆ, ಒಣಗಿದ್ದೊಂದು ಜೊತೆಗಿರಲಿ. ಬಿಸಿಲು ತಡೆಯುವ ಕ್ರೀಮು, ಅಂದರೆ ಸನ್‌ಸ್ಕ್ರೀನ್, ಎಸ್‌ಪಿಎಫ್ (ಮುಖ್ಯವಾಗಿ ‘ಬಿ’ ಕಿರಣ ತಡೆಯುವ ಲೆಕ್ಕ) 30ಕ್ಕೆ ಮೇಲಿನದು, ಪಿಎ+++ (‘ಎ’ ಕಿರಣ ತಡೆಯುವ ಲೆಕ್ಕ) ಗುರುತಿನದು ಸಾಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಮುಖ, ಕತ್ತಿಗೆ ಬೇಕು. 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಡಲೆಕಾಳಿನಷ್ಟು ಸವರಿದರೆ ಡಬ್ಬಿಯ ಮೇಲಿನ ಲೆಕ್ಕ ಸಿಗುವುದಿಲ್ಲ.

ಒಣ ಚರ್ಮಕ್ಕೆ ಉಗುರುಬೆಚ್ಚಗಿನ ನೀರಿನ ಸ್ನಾನ, ಮೈ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ. ಟ್ರೆಟಿನಾಯಿನ್ ಶೇ 0.025 ಮುಲಾಮು ಸುಕ್ಕನ್ನು ತುಸು ತಗ್ಗಿಸಬಲ್ಲದು, ಆದರೆ ಫಲಕ್ಕೆ 3ರಿಂದ 6 ತಿಂಗಳು ಬೇಕು, ಮೊದಲಿಗೆ ಚರ್ಮ ಸಿಪ್ಪೆ ಏಳುತ್ತದೆ. ವೈದ್ಯರ ಚೀಟಿಯಿಲ್ಲದೆ ಬೇಡ. ಗರ್ಭಿಣಿಯರಿಗೆ ಬೇಡವೇ ಬೇಡ. ಕತ್ತಿನ ಚೌಕುಳಿ ಇದರಿಂದ ಪೂರ್ತಿ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

4 ವಾರವಾದರೂ ಮಾಯದ ಹುಣ್ಣು, ಕೆಳತುಟಿಯ ಮೇಲೆ ಹೋಗದ ಒರಟು ಹೊಪ್ಪಳೆ, ದಿನೇ ದಿನೇ ದೊಡ್ಡದಾಗುವ ಕಪ್ಪು ಮಚ್ಚೆ, ಅದರಲ್ಲೂ ಅಂಗಾಲಿನಲ್ಲಿ ಕಂಡರೆ ಅದೇ ವಾರ ವೈದ್ಯರಿಗೆ ತೋರಿಸಿ.