ಪೀಕ್ ಸರಿದ ಮಾತ್ರಕ್ಕೆ ಮಿಶ್ರಲೋಹ ಆಗಿಬಿಡಲ್ಲ

ಪ್ರಾಜೆಕ್ಟ್ ಒಪ್ಪಿಸುವ ಸಮಯ ಬಂತೆಂದರೆ ಮೈಸೂರು, ಮಂಡ್ಯದ ಕಾಲೇಜುಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ: ಎಕ್ಸ್‌ಆರ್‌ಡಿ (ಹರಳಿನ ಮೇಲೆ ಎಕ್ಸ್‌ರೇ ಬಿಟ್ಟು, ಅದು ಯಾವ ಕೋನಕ್ಕೆ ಹೊರಳುತ್ತದೆ ಎಂದು ನೋಡುವ ಪರೀಕ್ಷೆ) ಗ್ರಾಫಿನಲ್ಲಿ ಪೀಕ್, ಅಂದರೆ ಶಿಖರ, ಸರಿದಿದೆ, ಮಿಶ್ರಲೋಹ ಆಯಿತಾ ಎಂದು. ಎಷ್ಟು ಸಲ ಹೇಳಿದರೂ ಅದೇ ತಪ್ಪು. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೆ. ಬ್ರ್ಯಾಗ್ ನಿಯಮವನ್ನು (ಪರಮಾಣು ಪದರಗಳು ಹತ್ತಿರವಾದಷ್ಟೂ ಪೀಕ್ ಹೆಚ್ಚಿನ ಕೋನಕ್ಕೆ ಬರುತ್ತದೆ ಎನ್ನುವುದು) ಮತ್ತೆ ಬರೆಯುವುದಿಲ್ಲ, ಅದು ನಿಮ್ಮ ಪಠ್ಯದಲ್ಲೇ ಇದೆ.

ಪ್ರಶ್ನೆ: ಸರ್, ತಾಮ್ರದ ತಗಡಿನ ಮೇಲೆ ಸಿಟ್ರೇಟ್ ಬಾತ್‌ನಿಂದ (ಸಿಟ್ರೇಟ್ ಹಾಕಿದ ಲೇಪನ ದ್ರಾವಣದಿಂದ) ತಾಮ್ರ-ನಿಕಲ್ ಪ್ಲೇಟಿಂಗ್ ಮಾಡಿದ್ದೇನೆ. ಎಕ್ಸ್‌ಆರ್‌ಡಿಯಲ್ಲಿ 43.6 ಡಿಗ್ರಿಗೆ ಪೀಕ್ ಬಂದಿದೆ. ತಾಮ್ರದ್ದು 43.3ಕ್ಕೆ ಬರಬೇಕಿತ್ತು. ಹಾಗಾದರೆ 25 ಪರ್ಸೆಂಟ್ ನಿಕಲ್ ಇರುವ ಮಿಶ್ರಲೋಹ ಆಗಿದೆ ಎಂದು ಬರೆಯಬಹುದಾ? (ಎಂ.ಎಸ್ಸಿ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಬೇಡಮ್ಮ, ಈಗಲೇ ಬರೆಯಬೇಡಿ.

ನಿಮ್ಮ ಲೆಕ್ಕ ಎಲ್ಲಿಂದ ಬಂತು ಅಂತ ಗೊತ್ತು. ತಾಮ್ರದ ಎಕ್ಸ್‌ರೇ ಟ್ಯೂಬ್ ಇರುವ ಯಂತ್ರದಲ್ಲಿ ತಾಮ್ರದ (111) ಪೀಕ್ (ಆವರಣದ ಅಂಕಿಗಳು ಹರಳಿನ ಯಾವ ಪರಮಾಣು ಪದರಗಳದ್ದು ಎಂಬ ಗುರುತು) 43.3ಕ್ಕೆ ಬರುತ್ತದೆ, ನಿಕಲ್‌ನದು 44.5ಕ್ಕೆ. ಈ ಎರಡು ಲೋಹ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆಯುತ್ತವೆ. ಹಾಗಾಗಿ ನಡುವಿನ 1.2 ಡಿಗ್ರಿಯಲ್ಲಿ ಪೀಕ್ ಎಲ್ಲಿ ನಿಂತಿದೆ ನೋಡಿ ಪ್ರಮಾಣ ಹೇಳಬಹುದು. ತತ್ವ ಸರಿಯಾಗಿದೆ. ಆದರೆ ಪೀಕ್ ಸರಿಯುವುದಕ್ಕೆ ನಿಕಲ್ ಒಂದೇ ಕಾರಣ ಅಲ್ಲ.

ಮೊದಲು ಇದನ್ನು ಹೇಳಿ: ತಗಡಿನ ಪೀಕ್ ಎಲ್ಲಿ ಹೋಯಿತು? ಲೇಪನ ಐದಾರು ಮೈಕ್ರಾನ್ ಇದ್ದರೆ ಎಕ್ಸ್‌ರೇ ಅದನ್ನು ದಾಟಿ ಕೆಳಗಿನ ತಾಮ್ರವನ್ನೂ ಮುಟ್ಟಿ ಬರುತ್ತದೆ. 43.3ಕ್ಕೆ ಒಂದು, 43.6ಕ್ಕೆ ಇನ್ನೊಂದು ಕಾಣಬೇಕು. ಕೊನೇಪಕ್ಷ ಒಂದರ ಪಕ್ಕ ಇನ್ನೊಂದು ಉಬ್ಬಾದರೂ ಇರಬೇಕು. ನೀವು ಕಳಿಸಿದ ಗ್ರಾಫಿನಲ್ಲಿ ಒಂದೇ ಪೀಕ್ ಇದೆ. ಅದು ತಗಡಿನದ್ದೇ ಇರಬಹುದು ಎಂಬ ಅನುಮಾನ ನನಗೆ ಬಲವಾಗಿದೆ.

ತಗಡು ಅರ್ಧ ಮಿಲಿಮೀಟರ್ ದಪ್ಪ ಅಂದುಕೊಳ್ಳಿ. ಅದನ್ನು ಹೋಲ್ಡರ್‌ನ ಗುಳಿಯಲ್ಲಿ ಸಮವಾಗಿ ಕೂರಿಸದೆ ಮೇಲೇ ಅಂಟಿಸಿದ್ದರೆ ಸ್ಯಾಂಪಲ್ ಅಷ್ಟು ಎತ್ತರಕ್ಕೆ ಬರುತ್ತದೆ. 200 ಮಿಲಿಮೀಟರ್ ತ್ರಿಜ್ಯದ ಯಂತ್ರದಲ್ಲಿ ಅಷ್ಟಕ್ಕೇ ಪೀಕ್ ಸುಮಾರು 0.27 ಡಿಗ್ರಿ ಮುಂದಕ್ಕೆ ಹೋಗುತ್ತದೆ. ನಿಮ್ಮ 25 ಪರ್ಸೆಂಟ್ ನಿಕಲ್ ಹೆಚ್ಚುಕಮ್ಮಿ ಅಷ್ಟೂ ಅಲ್ಲೇ ಮುಗಿಯಿತು.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಎಲ್ಲರೂ ಸ್ಕ್ಯಾನ್ ಅನ್ನು 80 ಡಿಗ್ರಿಗೆ ನಿಲ್ಲಿಸುತ್ತಾರೆ. ಯಾಕೆ ಅಂತ ಕೇಳಿದರೆ ಸೀನಿಯರ್ ಹಾಗೇ ಮಾಡಿದ್ದರು ಅನ್ನುತ್ತಾರೆ. ದಯವಿಟ್ಟು 100ರವರೆಗೆ ಹೋಗಿ. (311) ಪೀಕ್ ತಾಮ್ರಕ್ಕೆ 89.9ಕ್ಕೆ, ನಿಕಲ್‌ಗೆ 92.9ಕ್ಕೆ ಬರುತ್ತದೆ. ಅಲ್ಲಿ ಇವೆರಡರ ನಡುವೆ ಪೂರಾ 3 ಡಿಗ್ರಿ ಅಂತರವಿದೆ. ನಿಜವಾಗಿ ಕಾಲುಭಾಗ ನಿಕಲ್ ಇದ್ದರೆ ಆ ಪೀಕ್ ಸುಮಾರು 0.75 ಡಿಗ್ರಿ ಸರಿದಿರುತ್ತದೆ. ಎತ್ತರದ ತಪ್ಪಾದರೆ 0.2ರಷ್ಟೇ. ಎರಡಕ್ಕೂ ಅಷ್ಟು ವ್ಯತ್ಯಾಸ ಇರುವಾಗ ಸುಮ್ನೆ ಊಹೆ ಯಾಕೆ?

ಒಂದು ತೊಡಕು ಆಮೇಲೂ ಉಳಿಯುತ್ತದೆ. ನಿಕಲ್ ಸೇರಿದ ಲೇಪನದಲ್ಲಿ ಒಳಗೇ ಬಿಗಿತ ಇರುತ್ತದೆ. ಲೇಪನ ಉದ್ದಗಲಕ್ಕೆ ಎಳೆದುಕೊಂಡಿದ್ದರೆ ದಪ್ಪದ ದಿಕ್ಕಿನಲ್ಲಿ ಪರಮಾಣುಗಳ ಪದರಗಳು ಹತ್ತಿರ ಬರುತ್ತವೆ, ಪೀಕ್ ಮುಂದಕ್ಕೆ ಹೋಗುತ್ತದೆ. ನಿಕಲ್ ಜಾಸ್ತಿ ಇದ್ದ ಹಾಗೇ ಕಾಣುತ್ತದೆ. ಇದನ್ನು (311) ಪೀಕ್ ಕೂಡ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಇಡಿಎಸ್‌ನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ವಿಧಾನ) ಪ್ರಮಾಣವನ್ನು ಬೇರೆಯಾಗಿ ಅಳೆಯಲೇಬೇಕು. ಅದೂ ಇದೂ ಹೊಂದಿದರೆ ಧೈರ್ಯವಾಗಿ ಬರೆಯಿರಿ. ಇಡಿಎಸ್ 25 ಅಂದರೂ ಪೀಕ್‌ಗಳು 43.3 ಮತ್ತು 44.5ರಲ್ಲೇ ಬೇರೆ ಬೇರೆ ಇದ್ದರೆ, ಲೋಹಗಳು ಬೆರೆತಿಲ್ಲ, ಅಕ್ಕಪಕ್ಕ ಕೂತಿವೆ ಅಷ್ಟೆ. ಎಕ್ಸ್‌ಆರ್‌ಡಿ ಮಾಡುವುದೇ ಇದನ್ನು ತಿಳಿಯಲು.

ಪೀಕ್ ಒಂದು ಪಕ್ಕಕ್ಕೆ ಬಾಲ ಬಿಟ್ಟಿದ್ದರೆ ಬಾತ್ ಕಡೆ ನೋಡಿ. ತಾಮ್ರದ ವಿಭವ (ಇದು ಹೆಚ್ಚಿದ್ದಷ್ಟೂ ಲೋಹ ಸುಲಭವಾಗಿ ಕೂರುತ್ತದೆ) +0.34 ವೋಲ್ಟ್, ನಿಕಲ್‌ನದು -0.25. ಸಿಟ್ರೇಟ್ ಹಾಕಿ ಹತ್ತಿರ ತಂದರೂ ಸಾಮಾನ್ಯವಾಗಿ ತಾಮ್ರವೇ ಮೊದಲು ನುಗ್ಗುತ್ತದೆ. ಕಲಕುವ ವೇಗ ನಡುವೆ ಬದಲಾದರೆ ಪದರದಿಂದ ಪದರಕ್ಕೆ ಪ್ರಮಾಣ ಬದಲಾಗುತ್ತದೆ. ಆ ಬಾಲ ಅದರ ಗುರುತು, ಅಳಿಸಬೇಡಿ.

ಅಳಿಸುವವರ ವಿಷಯ ಹೇಳಲೇಬೇಕು. ದುಡ್ಡು ತಗೊಂಡು ‘ಡೇಟಾ ಅನಾಲಿಸಿಸ್’ ಮಾಡಿಕೊಡುವವರು ಗ್ರಾಫನ್ನು ನುಣ್ಣಗೆ ಮಾಡಿ, ಸಾಫ್ಟ್‌ವೇರ್ ತೋರಿಸಿದ ಮೊದಲ ಹೆಸರು ಅಂಟಿಸಿ ಕೊಡುತ್ತಾರೆ. ನಿಮ್ಮ ಎರಡನೇ ಪೀಕ್ ಅಲ್ಲೇ ಸತ್ತುಹೋಗಿರಬಹುದು. ಯಂತ್ರದಿಂದ ಬಂದ ಮೂಲ ಫೈಲ್ ಕೇಳಿ ಇಟ್ಟುಕೊಳ್ಳಿ. ಅದು ನಿಮ್ಮ ಹಕ್ಕು.

ಪ್ರಶ್ನೆ: (200) ಪೀಕ್ ಒಂದೇ ದೊಡ್ಡದಾಗಿದೆ, ಕಾರ್ಡಿಗೆ (ಆ ವಸ್ತುವಿನ ಮಾದರಿ ಪೀಕ್‌ಗಳ ಪಟ್ಟಿಗೆ) ಹೊಂದುತ್ತಿಲ್ಲ. ಹೊಸ ಫೇಸ್ (ಬೇರೆ ಹರಳು ರಚನೆ) ಇರಬಹುದಾ? (ಮೈಸೂರು)

ಉತ್ತರ: ಇಲ್ಲ. ವಿದ್ಯುತ್ತಿನಿಂದ ಕೂತ ಲೇಪನದಲ್ಲಿ ಹರಳುಗಳು ಒಂದೇ ದಿಕ್ಕಿಗೆ ಮುಖ ಮಾಡುವುದು ಮಾಮೂಲು.

ಪ್ರಶ್ನೆ: ಷೆರ್ರರ್ ಸೂತ್ರದಲ್ಲಿ (ಪೀಕ್‌ನ ಅಗಲದಿಂದ ಗಾತ್ರ ಹೇಳುವ ಸೂತ್ರ) ಕಣದ ಗಾತ್ರ 18.472 ನ್ಯಾನೊಮೀಟರ್ ಬಂತು, ಸರಿಯೇ? (ಮೈಸೂರು)

ಉತ್ತರ: ಯಂತ್ರದ್ದೇ ಅಗಲವನ್ನು ಕಳೆಯದಿದ್ದರೆ 18 ಅನ್ನುವುದೂ ಅನುಮಾನ. ಆ ಮೂರು ದಶಮಾಂಶ ಅಳಿಸಿ.

ಪ್ರಶ್ನೆ: ಚಿನ್ನದ ಕ್ಯಾರೆಟ್ ಎಕ್ಸ್‌ಆರ್‌ಡಿಯಲ್ಲಿ ಗೊತ್ತಾಗುತ್ತದಾ? (ಅಶೋಕ ರಸ್ತೆ, ಮೈಸೂರು)

ಉತ್ತರ: ಚಿನ್ನ, ಬೆಳ್ಳಿಯ ಜಾಲಕದ (ಹರಳಿನಲ್ಲಿ ಪರಮಾಣುಗಳ ಜೋಡಣೆಯ) ಅಳತೆ 4.08 ಆಂಗ್‌ಸ್ಟ್ರಾಮ್ ಆಸುಪಾಸು, ಹೆಚ್ಚುಕಮ್ಮಿ ಒಂದೇ. ಬೆಳ್ಳಿ ಬೆರೆಸಿದ್ದರೆ ಇದರಲ್ಲಿ ತಿಳಿಯುವುದು ಕಷ್ಟ. ಅಂಗಡಿಯ ಯಂತ್ರ ಬೇರೆ, ಅದು ಎಕ್ಸ್‌ಆರ್‌ಎಫ್, ಯಾವ ಧಾತು ಎಷ್ಟಿದೆ ಎಂದು ಅಳೆಯುವುದು.

ಪ್ರಶ್ನೆ: ಸೈನೈಡ್ ಬಾತ್‌ನಲ್ಲಿ ಹಿತ್ತಾಳೆ ಲೇಪನ ಮನೆಯಲ್ಲೇ ಮಾಡುವ ವಿಡಿಯೊ ನೋಡಿದೆ. ಸೈನೈಡ್ ಉಪ್ಪು ಪರಿಚಯದವರ ಹತ್ತಿರ ಸಿಗುತ್ತದೆ. ಮಾಡಬಹುದಾ? (ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ)

ಉತ್ತರ: ಬೇಡ. ಪ್ಲೇಟಿಂಗ್‌ಗೆ ಮೊದಲು ತುಕ್ಕು ತೆಗೆಯಲು ಆಸಿಡ್ ಪಕ್ಕದಲ್ಲೇ ಇರುತ್ತದೆ. ಅದು ಈ ದ್ರಾವಣಕ್ಕೆ ಬಿದ್ದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಮನೆಯಲ್ಲಿ ಮಲಗಿದವರನ್ನೂ ಬಿಡುವುದಿಲ್ಲ. ಆ ವಿಡಿಯೊ ಮಾಡಿದವರು ನಿಮ್ಮ ಮನೆಗೆ ಬರುವುದಿಲ್ಲ. ಉಪ್ಪು ಈಗಾಗಲೇ ತಂದಿದ್ದರೆ ಡಬ್ಬ ತೆರೆಯಬೇಡಿ, ಚರಂಡಿಗೆ ಸುರಿಯಬೇಡಿ. ನಾಳೆಯೇ ಕಾಲೇಜಿನ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರಿಗೆ ಹೇಳಿ.