ಅಕ್ಕೋರಿಗೊಂದು ಪತ್ರ: ಪಾಟಿಚೀಲ, ಕ್ಯಾಮೆರಾ ಮತ್ತು ಮಕ್ಕಳ ಗುಟ್ಟು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದವು. ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿದ ವಿಡಿಯೊ ನಮ್ಮ ಕರಾವಳಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ್ದೇ ತಡ, ಇಲ್ಲಿಯ ಕೆಲವು ಶಾಲೆಗಳಲ್ಲಿ ಗೇಟಿನ ಹತ್ತಿರವೇ ಪಾಟಿಚೀಲ ಬಿಚ್ಚಿಸುವುದು ಶುರುವಾಗಿದೆಯಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಪಾಲಕರ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಕ್ಕಳ ಸಂಕಟವೂ ಅರ್ಥವಾಗುತ್ತದೆ. ಅದಕ್ಕೇ ಈ ಸಲದ ಪುಟವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನನ್ನ ಮಗಳು ಒಂಬತ್ತನೇ ತರಗತಿ. ಹೋದ ತಿಂಗಳಿಂದ ಅವಳ ಶಾಲೆಯ ಗೇಟಿನಲ್ಲಿ ಬೆಂಚು ಹಾಕಿ ಎಲ್ಲರ ಚೀಲ ಸುರಿದು ನೋಡುತ್ತಾರೆ. ಮೊನ್ನೆ ಸೋಮವಾರ ಕಂಪಾಸ್ ಪೆಟ್ಟಿಗೆ, ಊಟದ ಡಬ್ಬಿಯ ಜೊತೆ ಪೇಪರಿನಲ್ಲಿ ಸುತ್ತಿಟ್ಟ ಪ್ಯಾಡೂ ಬೆಂಚಿನ ಮೇಲೆ ಬಿತ್ತು. ಪೇಪರ್ ಬಿಚ್ಚಿ ನೋಡಿದವರು ಗಂಡಸು ಮಾಸ್ತರು. ಹಿಂದೆ ಸಾಲಿನಲ್ಲಿ ಹುಡುಗರಿದ್ದರು, ಯಾರೋ ಕಿಸಕ್ಕಂತ ನಕ್ಕರಂತೆ. ಅವತ್ತಿನಿಂದ ಹೊಟ್ಟೆನೋವು ಅಂತ ಮಲಗಿಬಿಟ್ಟಿದ್ದಾಳೆ. ಕೇಳಲು ಹೋದರೆ "ಅಮೆರಿಕದಲ್ಲಿ ಆಗಿದ್ದು ನೋಡಿಲ್ವಾ, ನಿಮ್ಮ ಮಕ್ಕಳ ಜೀವಕ್ಕೋಸ್ಕರವೇ ಮಾಡೋದು" ಅಂದರು. ನನಗೆ ಮಾತೇ ಹೊರಡಲಿಲ್ಲ, ಎದ್ದು ಬಂದೆ. — ಒಬ್ಬ ತಾಯಿ, ಕಾರವಾರ

ಉತ್ತರ: ತಂಗಿ, ಮೊದಲು ಮಗಳ ಹತ್ತಿರ ಕೂತುಕೊಳ್ಳಿ. ನಾಚಿಕೆ ಪಡಬೇಕಾದವಳು ನೀನಲ್ಲ ಅಂತ ಬಾಯಿಬಿಟ್ಟು ಹೇಳಿ. ಸರ್ಕಾರವೇ ಶುಚಿ ಯೋಜನೆ ಅಂತ ಮಾಡಿ ಹೆಣ್ಣುಮಕ್ಕಳಿಗೆ ಪ್ಯಾಡು ಕೊಡುತ್ತದೆ. ಅದು ಚೀಲದಲ್ಲಿ ಇರಬೇಕಾದ ವಸ್ತುವೇ.

ಆಮೇಲೆ ಶಾಲೆಗೆ ಇನ್ನೊಮ್ಮೆ ಹೋಗಿ. ಈ ಸಲ ಮಾತು ಬೇಡ, ಕಾಗದ ಕೊಡಿ. ಅವರು ಅಮೆರಿಕದ ಹೆಸರು ಹೇಳಿದ್ದಾರಲ್ಲ, ಅಲ್ಲಿ ಏನಾಯಿತು ಅನ್ನುವುದು ನಿಮಗೂ ಗೊತ್ತಿರಲಿ. 2018ರ ಫೆಬ್ರವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಹೈಸ್ಕೂಲಿನಲ್ಲಿ 17 ಜನ ಸತ್ತರು. ಅದಾದ ಮೇಲೆ ಆ ಶಾಲೆಯಲ್ಲಿ ಎಲ್ಲರಿಗೂ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಡ್ಡಾಯ ಮಾಡಿದರು. ಒಳಗಿರುವುದೆಲ್ಲ ಹೊರಗೆ ಕಾಣಬೇಕು ಅಂತ. ಗೆಳೆಯರನ್ನು ಕಳೆದುಕೊಂಡು ಕೂತಿದ್ದ ಆ ಮಕ್ಕಳೇ, ನಿಮ್ಮ ಮಗಳಿಗೆ ಆದಂಥದ್ದೇ ಸಂಕಟ ತಮಗೂ ಆಗುತ್ತಿದೆ, ಇದರಿಂದ ಯಾರ ಜೀವವೂ ಉಳಿಯುವುದಿಲ್ಲ ಅಂತ ಎದ್ದು ನಿಂತು ಹೇಳಿದರು. ಮುಂದಿನ ಶಾಲಾ ವರ್ಷಕ್ಕೆ ಆ ಚೀಲ ಬಿಟ್ಟೇಬಿಟ್ಟರು. ಗುಂಡು ಹಾರಿಸಿದವನಂತೂ ಬೆಳಗಿನ ಸಾಲಿನಲ್ಲಿ ನಿಂತವನೇ ಅಲ್ಲ, ಶಾಲೆ ಬಿಟ್ಟುಹೋಗಿದ್ದ ಹಳೇ ವಿದ್ಯಾರ್ಥಿ, ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಬಂದವನು.

ಹಾಗಂತ ಯಾರ ಚೀಲವನ್ನೂ ಎಂದೂ ಮುಟ್ಟಬಾರದು ಅಂತ ನಾನು ಹೇಳುವುದಿಲ್ಲ. 2021ರ ನವೆಂಬರ್ 30ರಂದು ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ. ಒಬ್ಬ ಹುಡುಗ ಹಾಳೆಯ ಮೇಲೆ ಬಂದೂಕು, ರಕ್ತದ ಚಿತ್ರ ಬರೆದಿದ್ದ. ಟೀಚರ್ ನೋಡಿದರು. ತಂದೆತಾಯಿಯನ್ನು ಕರೆಸಿ ಮಾತಾಡಿದ್ದೂ ಆಯಿತು. ಆದರೆ ಅವನ ಚೀಲವನ್ನು ಮಾತ್ರ ಯಾರೂ ತೆಗೆದು ನೋಡಲಿಲ್ಲ, ತರಗತಿಗೆ ವಾಪಸ್ ಕಳಿಸಿದರು. ಪಿಸ್ತೂಲು ಆ ಚೀಲದಲ್ಲೇ ಇತ್ತು. ಅವತ್ತು ಮಧ್ಯಾಹ್ನ ಅವನು ಹಾರಿಸಿದ ಗುಂಡಿಗೆ ನಾಲ್ಕು ಮಕ್ಕಳು ಬಲಿಯಾದರು, ಮೂವರು ಅವತ್ತೇ, ಒಬ್ಬ ಮರುದಿನ.

ಅಂದರೆ ಕಾರಣ ಇರುವ ಒಂದು ಚೀಲ ನೋಡಲೇಬೇಕು. ಕಾರಣವೇ ಇಲ್ಲದೆ ಐನೂರು ಚೀಲ ಸುರಿಯುವುದು ಬೇರೆ ವಿಷಯ. ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲೇ, ನ್ಯೂಜೆರ್ಸಿಯ ಒಬ್ಬ ವಿದ್ಯಾರ್ಥಿನಿಯ ಪರ್ಸ್ ಹುಡುಕಿದ ಪ್ರಕರಣದಲ್ಲಿ ಇದನ್ನು ಹೇಳಿದೆ: ಶಾಲೆಯವರು ಹುಡುಕಬಹುದು, ಆದರೆ ಸಂಶಯಕ್ಕೆ ಸರಿಯಾದ ಕಾರಣ ಇರಬೇಕು, ಹುಡುಕುವ ರೀತಿ ಮಗುವಿನ ವಯಸ್ಸಿಗೆ, ಹೆಣ್ಣೋ ಗಂಡೋ ಅನ್ನುವುದಕ್ಕೆ ತಕ್ಕಂತೆ ಇರಬೇಕು. ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂದಿದ್ದಾರೆ. ಮಕ್ಕಳಿಗೆ ಆ ಹಕ್ಕಿಲ್ಲ ಅಂತ ಅವರು ಎಲ್ಲೂ ಹೇಳಿಲ್ಲ.

ಹಾಗಾಗಿ ನಿಮ್ಮ ಕಾಗದದಲ್ಲಿ ಇಷ್ಟು ಬರೆಯಿರಿ. ಗೇಟಿನ ಬೆಂಚು ತೆಗೆಯಿರಿ. ಯಾವುದಾದರೂ ಮಗುವಿನ ಮೇಲೆ ಸಂಶಯ ಬಂದರೆ ಕೋಣೆಯೊಳಗೆ, ಬಾಗಿಲು ಎಳೆದುಕೊಂಡು, ಹುಡುಗಿಯಾದರೆ ಅಕ್ಕೋರೊಬ್ಬರು ಮಾತ್ರ ನೋಡಲಿ, ಅದೇ ದಿನ ಮನೆಗೂ ತಿಳಿಸಲಿ. ಕಾಗದಕ್ಕೆ ಇನ್ನೂ ನಾಲ್ಕು ತಾಯಂದಿರ ಸಹಿ ಸೇರಿಸಿ. ಒಬ್ಬರೇ ಹೋದರೆ ನಿಮ್ಮ ಮಗಳದ್ದೇ ವಿಷಯ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಐದು ಜನ ಹೋದರೆ ಅದು ಶಾಲೆಯ ವಿಷಯ ಆಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಚೀಲ ತಪಾಸಣೆ ಮಾಡಿದಾಗ ಮೂರು ಮಕ್ಕಳ ಹತ್ತಿರ ಗುಟ್ಕಾ, ಒಬ್ಬನ ಹತ್ತಿರ ಮೊಬೈಲ್ ಸಿಕ್ಕಿತು. ಬೇರೆಯವರಿಗೆ ಪಾಠ ಆಗಲಿ ಅಂತ ನಾನೇ ಫೋಟೊ, ಹೆಸರು ಪಾಲಕರ ಗುಂಪಿಗೆ ಹಾಕಿದೆ. ಈಗ ಒಬ್ಬ ಹುಡುಗ ಶಾಲೆಗೇ ಬರುತ್ತಿಲ್ಲ. — ಶಿಕ್ಷಕ, ಅಂಕೋಲಾ

ಉತ್ತರ: ಮಾಸ್ತರೇ, ಇವತ್ತೇ ಅಳಿಸಿ. ಅಳಿಸಿದರೂ ಅದು ಬೇರೆ ಫೋನುಗಳಲ್ಲಿ ಉಳಿದಿರುತ್ತದೆ, ಅದಕ್ಕೇ ಯಾರೂ ಮುಂದೆ ಕಳಿಸಬೇಡಿ ಅಂತ ಗುಂಪಿನಲ್ಲಿ ನಿಮ್ಮ ಹೆಸರಿನಲ್ಲೇ ಕೇಳಿಕೊಳ್ಳಿ. ಆಮೇಲೆ ಆ ಹುಡುಗನ ಮನೆಗೆ ಹೋಗಿ. ಫೋನ್ ಸಾಲದು, ಹೋಗಿಯೇ ಬರಬೇಕು. 2022ರ ನವೆಂಬರಿನಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಮೊಬೈಲ್ ಹುಡುಕಲು ಹೋಗಿ ಚೀಲದಲ್ಲಿ ಕಾಂಡೋಮ್, ಸಿಗರೇಟು ಸಿಕ್ಕಿತು ಅಂತ ಎಷ್ಟು ದಿನ ಟಿವಿಯಲ್ಲಿ ಚರ್ಚೆ ನಡೆಯಿತು, ನೆನಪಿದೆಯಲ್ಲ? ಅಲ್ಲಿ ಹೆಸರಾದರೂ ಬರಲಿಲ್ಲ. ನಮ್ಮಂಥ ಸಣ್ಣ ಊರಿನಲ್ಲಿ ಹೆಸರು ಹಾಕುವುದೇ ಬೇಡ, "ಎಂಟನೇ ತರಗತಿ, ಇಂಥ ಕೇರಿಯ ಹುಡುಗ" ಅಂದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹಳ್ಳಿ ಶಾಲೆ, ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ. ಮುಂಬೈಯಲ್ಲಿರುವ ಹಳೇ ವಿದ್ಯಾರ್ಥಿಯೊಬ್ಬರು ಎಲ್ಲಾ ತರಗತಿಗೂ ಸಿಸಿಟಿವಿ ಹಾಕಿಸಿ, ಪಾಲಕರ ಮೊಬೈಲಿನಲ್ಲೇ ನೇರ ನೋಡುವ ಹಾಗೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಇಷ್ಟು ಒಳ್ಳೆಯ ಕೆಲಸಕ್ಕೆ ಇಬ್ಬರು ಶಿಕ್ಷಕರು ಬೇಡ ಅನ್ನುತ್ತಿದ್ದಾರೆ. — ಶಿರಸಿ

ಉತ್ತರ: ದಾನಿಗಳ ಮನಸ್ಸು ದೊಡ್ಡದು, ಅದನ್ನು ಬೇಡ ಅನ್ನಬೇಡಿ. ಆದರೆ ನಾನೂ ಆ ಇಬ್ಬರು ಶಿಕ್ಷಕರ ಕಡೆಗೇ.

ಗೇಟಿಗೆ ಒಂದು, ಜಗುಲಿಗೆ ಒಂದು ಕ್ಯಾಮೆರಾ ಇರಲಿ. ಯಾರು ಬಂದರು, ಯಾರು ಮಗುವನ್ನು ಕರೆದುಕೊಂಡು ಹೋದರು ಅಂತ ತಿಳಿಯಲು ಅಷ್ಟು ಬೇಕು. ತರಗತಿಯ ಒಳಗೆ ಬೇಡ. ಮೊಬೈಲಿಗೆ ನೇರ ದೃಶ್ಯ ಅಂತೂ ಖಂಡಿತ ಬೇಡ. ನಿಮ್ಮ ಮೊಬೈಲಿನಲ್ಲಿ ನಿಮ್ಮ ಮಗ ಒಬ್ಬನೇ ಕಾಣುವುದಿಲ್ಲ, ಪಕ್ಕದ ಮನೆಯ ಹುಡುಗಿಯೂ ಕಾಣುತ್ತಾಳೆ. ಲೆಕ್ಕ ಬಾರದೆ ಬೋರ್ಡಿನ ಮುಂದೆ ನಿಂತು ಅಳುವ ಮಗುವನ್ನು ಸಂಜೆ ಅಂಗಡಿಕಟ್ಟೆಯಲ್ಲಿ ನಾಲ್ಕು ಜನ ನೋಡುತ್ತಾರೆ. ದೆಹಲಿ ಸರ್ಕಾರ 2019ರಲ್ಲಿ ಹೀಗೇ ಶುರು ಮಾಡಿತ್ತು, ಖಾಸಗಿತನದ ಪ್ರಶ್ನೆ ಎದ್ದು ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಸುರಕ್ಷತೆಯ ಕಾರಣಕ್ಕೆ ಶಾಲೆಗಳಿಗೆ ಸ್ವಲ್ಪ ವಿನಾಯಿತಿ ಉಂಟು, ಆದರೆ ಊರವರೆಲ್ಲ ನೋಡಲಿ ಅನ್ನುವುದಕ್ಕೆ ಆ ವಿನಾಯಿತಿ ಅಲ್ಲ.

ಇನ್ನೊಂದು ಮಾತು. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಕ್ಯಾಮೆರಾ ಇರಲಿಲ್ಲ ಅಂದುಕೊಂಡಿರಾ? ಇತ್ತು. ಪೊಲೀಸರಿಗೆ ಸಿಗುತ್ತಿದ್ದ ದೃಶ್ಯ 20 ನಿಮಿಷಕ್ಕೂ ಜಾಸ್ತಿ ಹಳೆಯದಾಗಿತ್ತು, ಅವರು ಅದನ್ನೇ ಈ ಕ್ಷಣದ್ದು ಅಂತ ತಿಳಿದಿದ್ದರು. ನಮ್ಮ ಘಟ್ಟದ ಮೇಲೆ ಆಷಾಢದಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. ಕ್ಯಾಮೆರಾ ನೋಡುವವರು ಯಾರು, ಹಾಳಾದರೆ ರಿಪೇರಿ ಯಾರು ಮಾಡಿಸುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತಾರೆ, ಪಾಸ್‌ವರ್ಡ್ ಯಾರ ಕೈಯಲ್ಲಿ? ಇಷ್ಟನ್ನು ಬರೆದಿಡದೆ ಒಂದೂ ಹಾಕಬೇಡಿ.

ದಾನಿಗಳಿಗೆ ನನ್ನ ಪರವಾಗಿ ಒಂದು ವಿನಂತಿ ಮಾಡಿ. ಅಮೆರಿಕದ ಟೆಕ್ಸಾಸಿನ ಯುವಾಲ್ಡಿಯ ಶಾಲೆಯಲ್ಲಿ 2022ರ ಮೇ 24ರಂದು ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರಲ್ಲ, ಅಲ್ಲಿ ಎಳೆದು ಮುಚ್ಚಿದ ಹೊರಬಾಗಿಲು ಲಾಕ್ ಆಗಲಿಲ್ಲ. ನಿಮ್ಮ ಶಾಲೆಯ ಬಾಗಿಲುಗಳ ಚಿಲಕ ಬೀಳುತ್ತದಾ? ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಮುಚ್ಚುತ್ತದಾ? ಕಂಪೌಂಡು ಇದೆಯಾ? ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಚಿಲಕ ಇದೆಯಾ? ಮೊದಲು ಅದು.

ಪ್ರಶ್ನೆ: ಮಗನ ಶಾಲೆಯಲ್ಲಿ ಅಣಕು ಕಾರ್ಯಾಚರಣೆ ಅಂತ ಪಟಾಕಿ ಹೊಡೆದು, ಮುಖಕ್ಕೆ ಬಟ್ಟೆ ಕಟ್ಟಿದವರನ್ನು ಓಡಾಡಿಸಿದರು. ಒಂದನೇ ತರಗತಿಯ ಮಗ ರಾತ್ರಿ ಚೀರುತ್ತಾನೆ. — ಹೊನ್ನಾವರ

ಉತ್ತರ: ಇದು ತಪ್ಪು, ಹೋಗಿ ನೇರವಾಗಿ ಹೇಳಿ. ಅಣಕು ಅಭ್ಯಾಸ ನಮ್ಮ ಜಿಲ್ಲೆಗೆ ಹೊಸದಲ್ಲ, ಕೈಗಾ ಅಣುಸ್ಥಾವರದ ಸುತ್ತಮುತ್ತಲಿನ ಊರಿನವರು ನೋಡಿಯೇ ಇದ್ದಾರೆ. ಅಲ್ಲಿ ಕಲಿಸುವುದು ಎಲ್ಲಿ ಸೇರಬೇಕು, ಯಾರ ಮಾತು ಕೇಳಬೇಕು ಅಂತ. ಪುಟ್ಟ ಮಕ್ಕಳಿಗೆ ಅಷ್ಟು ಸಾಕು: ಗಂಟೆ ಬಾರಿಸಿದರೆ ಸಾಲಾಗಿ ಮೈದಾನಕ್ಕೆ, ಅಕ್ಕೋರ ಕೈಯಲ್ಲಿ ಹಾಜರಿ ಪುಸ್ತಕ. ಅದು ಬೆಂಕಿಗೂ ಆಯಿತು, ಗುಡ್ಡ ಜರಿದರೂ ಆಯಿತು. 2004ರಲ್ಲಿ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತಿದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಅಭ್ಯಾಸ ಬೇಕೇ ಬೇಕು. ಹೆದರಿಸುವುದು ಬೇಡ.

ಪ್ರಶ್ನೆ: ಅಕ್ಕೋರೆ, ನಾನು ಹೈಸ್ಕೂಲು. ನನ್ನ ಗೆಳೆಯನನ್ನು ಕೆಲವರು ದಿನಾ ಅಡ್ಡಹೆಸರಿಟ್ಟು ಕಾಡುತ್ತಾರೆ. ಮೊನ್ನೆ ಅವನು ಮೊಬೈಲಿನಲ್ಲಿ ಅವನಪ್ಪನ ತೋಟದ ಬಂದೂಕಿನ ಫೋಟೊ ತೋರಿಸಿ "ಒಂದಿನ ಎಲ್ಲರಿಗೂ ಗೊತ್ತಾಗ್ತದೆ" ಅಂದ. ತಮಾಷೆಗೆ ಇರಬಹುದು. ಹೇಳಿದರೆ ಚಾಡಿಕೋರ ಅಂತಾರೆ, ಅವನಿಗೂ ಶಾಲೆಯಿಂದ ಟೀಸಿ ಕೊಡ್ತಾರೆ. ಏನು ಮಾಡಲಿ?

ಉತ್ತರ: ಈ ಪತ್ರಕ್ಕೆ ಪತ್ರಿಕೆ ಬರುವವರೆಗೆ ಕಾಯಲಿಲ್ಲ. ಫೋನ್ ನಂಬರ್ ಬರೆದಿದ್ದ, ಓದಿದ ಕೂಡಲೇ ಮಾತಾಡಿದೆ. ಅವನ ಊರು, ತರಗತಿ ಇಲ್ಲಿ ಬರೆದಿಲ್ಲ. ಅವನಿಗೆ ಹೇಳಿದ್ದನ್ನೇ ಉಳಿದ ಮಕ್ಕಳಿಗೂ ಹೇಳುತ್ತೇನೆ.

ತಮ್ಮಾ, ಚಾಡಿ ಅಂದರೆ ಒಬ್ಬನಿಗೆ ಪೆಟ್ಟು ಬೀಳಲಿ ಅಂತ ಹೇಳುವುದು. ಪೆಟ್ಟು ತಪ್ಪಲಿ ಅಂತ ಹೇಳುವುದು ಚಾಡಿಯಲ್ಲ. ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿಯ ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಒಂದೊಂದಾಗಿ ಕೆದಕಿ ನೋಡಿದರು. ನೂರಕ್ಕೆ 81ರಷ್ಟು ಘಟನೆಗಳಲ್ಲಿ, ಹುಡುಗ ಏನೋ ಮಾಡಲಿದ್ದಾನೆ ಅಂತ ಮೊದಲೇ ಒಬ್ಬರಿಗಾದರೂ ಗೊತ್ತಿತ್ತು. ಗೊತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ನಿನ್ನ ಹಾಗಿನ ಮಕ್ಕಳೇ, ಗೆಳೆಯರು, ಅಣ್ಣತಮ್ಮಂದಿರು. ಮೂರನೇ ಎರಡು ಪಾಲು ಘಟನೆಗಳಲ್ಲಿ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಇಲ್ಲವೇ ನೆಂಟರ ಮನೆಯಲ್ಲಿ. ಯಾವ ಗೇಟಿನ ಬೆಂಚಿಗೂ ಗೊತ್ತಾಗದ ಸಂಗತಿ ನಿನಗೆ ಗೊತ್ತಾಗಿದೆ. ನಿನ್ನ ಗೆಳೆಯ ಫೋಟೊ ತೋರಿಸಿದ್ದೇ ಯಾರಾದರೂ ಕೇಳಲಿ ಅಂತಲೂ ಇರಬಹುದು, ಅಲ್ವಾ?

ನೀನು ನಂಬುವ ಒಬ್ಬ ದೊಡ್ಡವರಿಗೆ ಹೇಳು. ಮಾಸ್ತರೋ, ಅಮ್ಮನೋ, ಯಾರಾದರೂ ಸರಿ. ಯಾರೂ ಇಲ್ಲ ಅನಿಸಿದರೆ 1098ಕ್ಕೆ ಫೋನ್ ಮಾಡು, ಅದು ಮಕ್ಕಳಿಗೇ ಇರುವ ನಂಬರು, ದುಡ್ಡು ಬೀಳುವುದಿಲ್ಲ. ಅವನು ಈಗಲೇ ಹೊರಟಿದ್ದಾನೆ ಅನಿಸಿದರೆ 112.

ತೋಟದ ಮನೆಯವರಿಗೆ ಎರಡು ಮಾತು. ಮಂಗ, ಹಂದಿಯ ಕಾಟಕ್ಕೆ ಬಂದೂಕು ಇಟ್ಟುಕೊಂಡ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುತ್ತೀರಿ. ಉಳಿದ ದಿನ ಅದು ಎಲ್ಲಿರುತ್ತದೆ? ಬಾಗಿಲ ಹಿಂದೆ, ಅಟ್ಟದ ಮೇಲೆ, ಗೋಡೆಯ ಮೊಳೆಗೆ. 2024ರ ಜುಲೈ ಕೊನೆಗೆ ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ನರ್ಸರಿಯ ಮಗುವೊಂದು ಮನೆಯ ಪಿಸ್ತೂಲನ್ನು ಚೀಲದಲ್ಲಿ ಶಾಲೆಗೆ ತಂದು ಮೂರನೇ ತರಗತಿಯ ಹುಡುಗನ ಕೈಗೆ ಗುಂಡು ಹೊಡೆಯಿತು. ಐದು ವರ್ಷದ ಮಗು. ಆಕ್ಸ್‌ಫರ್ಡ್ ಪ್ರಕರಣದಲ್ಲಿ ಬಂದೂಕನ್ನು ಭದ್ರವಾಗಿ ಇಡದ ತಂದೆ, ತಾಯಿ ಇಬ್ಬರಿಗೂ 2024ರಲ್ಲಿ ಕನಿಷ್ಠ 10 ವರ್ಷ ಜೈಲಾಯಿತು. ಬಂದೂಕು ಕಪಾಟಿನಲ್ಲಿ ಬೀಗ ಹಾಕಿ ಇಡಿ, ತೋಟೆ ಬೇರೆ ಕಡೆ ಇಡಿ, ಬೀಗದ ಕೈ ನಿಮ್ಮ ಉಡಿದಾರದಲ್ಲೇ ಇರಲಿ. ಏರ್‌ಗನ್‌ಗೂ ಇದೇ ಮಾತು, ಅದು ಆಟಿಕೆಯಲ್ಲ.

ಪತ್ರ ಬರೆದ ಹುಡುಗ ಮರುದಿನ ತನ್ನ ವಿಜ್ಞಾನದ ಮಾಸ್ತರಿಗೆ ಹೇಳಿದ. ಅವರು ಗುಂಪಿಗೆ ಹಾಕಲಿಲ್ಲ, ಪ್ರಾರ್ಥನೆಯ ಹೊತ್ತಿನಲ್ಲಿ ಯಾರನ್ನೂ ಎದ್ದು ನಿಲ್ಲಿಸಲಿಲ್ಲ. ಸಂಜೆ ಬೈಕ್ ಹತ್ತಿ ಆ ಗೆಳೆಯನ ಮನೆಗೆ ಹೋದರು, ಅಪ್ಪನ ಹತ್ತಿರ ಬಂದೂಕಿನ ವಿಷಯ ಮಾತಾಡಿದರು, ಹುಡುಗನ ಹತ್ತಿರ ಬೇರೆಯಾಗಿ ಕೂತರು. ಯಾರು ಹೇಳಿದ್ದು ಅಂತ ಅಪ್ಪ ಎರಡು ಸಲ ಕೇಳಿದರಂತೆ. ಮಾಸ್ತರು ಹೇಳಲಿಲ್ಲ. ಬಂದೂಕು ಈಗ ಬೀಗದ ಒಳಗಿದೆ. ಕಾಡುತ್ತಿದ್ದ ಹುಡುಗರ ಪಾಲಕರನ್ನು ಈ ವಾರ ಕರೆಸುತ್ತಾರಂತೆ, ಅದು ಇನ್ನೂ ಆಗಬೇಕು. ನಾನು ಶನಿವಾರ ಮತ್ತೆ ಫೋನ್ ಮಾಡುತ್ತೇನೆ.