ಬೆಂಗಳೂರಲ್ಲಿ ಸೈಕಲ್‌ನವರು ರೋಡ್ ಮಧ್ಯಕ್ಕೆ ಯಾಕೆ ಬರ್ತಾರೆ, ಹಾರ್ನ್ ಹೊಡೆದ್ರೂ ಸೈಡ್ ಯಾಕೆ ಕೊಡಲ್ಲ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ದಿನಾ ಕಾರಲ್ಲಿ ಆಫೀಸಿಗೆ ಹೋಗ್ತೀರ, ಎಡಗಡೆ ಅಷ್ಟು ಜಾಗ ಇದ್ರೂ ಸೈಕಲ್‌ನವರು ರೋಡ್ ನಡುವೆ ಬರ್ತಾರೆ, ಹಾರ್ನ್ ಹೊಡೆದ್ರೆ ತಿರುಗಿ ಗುರಾಯಿಸ್ತಾರೆ, ರೋಡ್ ಟ್ಯಾಕ್ಸೂ ಕಟ್ಟಲ್ಲ, ಇವರಿಗೆ ಯಾಕಿಷ್ಟು ಕೊಬ್ಬು ಅಂತ ಕೇಳಿದ್ದೀರ. ಸಿಟ್ಟಲ್ಲಿ ಬರೆದಿದ್ದೀರ ಅಂತ ಗೊತ್ತಾಗತ್ತೆ, ಆದ್ರೂ ಬೈದು ಸುಮ್ನಾಗದೆ ಯಾಕೆ ಅಂತ ಕೇಳಿದ್ರಲ್ಲ, ಅದಕ್ಕೇ ಕೂತು ಬರೀತಿದೀನಿ.

ನಾನು ಎರಡೂ ಓಡಿಸ್ತೀನಿ. ವಾರದಲ್ಲಿ ನಾಲ್ಕು ದಿನ ಕೋಣನಕುಂಟೆ ಕ್ರಾಸಿಂದ ಜಯನಗರ 4ನೇ ಬ್ಲಾಕಿಗೆ ಸೈಕಲ್, ಒಂದು ಕಡೆಗೆ ಹೆಚ್ಚುಕಡಿಮೆ 7 ಕಿಲೋಮೀಟರ್. ಜೋರು ಮಳೆ ಇದ್ರೆ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದಿದ್ರೆ ಕಾರು. ಸ್ಟೇರಿಂಗ್ ಹಿಡಿದಾಗ ಮುಂದೆ ಒಂದು ಸೈಕಲ್ ತೆವಳ್ತಾ ಇದ್ರೆ ಕಾಲು ಹೇಗೆ ಚಡಪಡಿಸತ್ತೆ ಅಂತ ನನಗೂ ಗೊತ್ತು, ನಿಮ್ಮ ಸಿಟ್ಟು ಸುಳ್ಳು ಅಂತ ನಾನು ಹೇಳಲ್ಲ.

ಆದ್ರೆ "ಎಡಗಡೆ ಅಷ್ಟು ಜಾಗ" ಅಂತೀರಲ್ಲ, ಮೊದ್ಲು ಆ ಜಾಗದ ವಿಷಯ ಮಾತಾಡ್ಬೇಕು, ಜಗಳ ಹುಟ್ಟೋದೇ ಅಲ್ಲಿ. ಕಾರಿಂದ ನೋಡಿದ್ರೆ ಆ ಮೂರಡಿ ಖಾಲಿ ಕಾಣತ್ತೆ. ಸೈಕಲ್ ಮೇಲಿಂದ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಎಷ್ಟೋ ಕಡೆ ರೋಡಿನ ಅಂಚು ಪಕ್ಕದ ಕಾಂಕ್ರೀಟಿಗಿಂತ ಮೂರು ನಾಲ್ಕು ಇಂಚು ಎತ್ತರ ಆಗಿರತ್ತೆ, ಮುಂದಿನ ಚಕ್ರ ಒಂದ್ಸಲ ಆ ಮೆಟ್ಟಿಲಿಂದ ಕೆಳಗಿಳೀತು ಅಂದ್ರೆ ಓರೆಯಾಗಿ ವಾಪಸ್ ಹತ್ತಿಸೋಕಾಗಲ್ಲ, ಟೈರು ಅಂಚಿಗೆ ಉಜ್ಜಿ ನಿಂತುಬಿಡತ್ತೆ, ಮೈ ಮಾತ್ರ ಬಲಕ್ಕೆ ಬೀಳತ್ತೆ, ಅಂದ್ರೆ ನಿಮ್ಮ ಗಾಡಿ ಬರೋ ಕಡೆಗೇ. ಆಮೇಲೆ ಮಳೆನೀರು ಇಳಿಯೋ ಕಬ್ಬಿಣದ ಜಾಲರಿ, ಅದರ ಕಂಬಿಗಳು ರೋಡಿನ ಉದ್ದಕ್ಕೇ ಇದ್ರೆ ಸೈಕಲ್ ಚಕ್ರ ಸೀದಾ ಸಂದಿಯೊಳಗೆ. ಮ್ಯಾನ್‌ಹೋಲ್ ಮುಚ್ಚಳ ಒಂದೋ ಎದ್ದಿರತ್ತೆ, ಇಲ್ಲ ಕುಸಿದಿರತ್ತೆ. ಮನೆ ಕಟ್ಟೋರು ಸುರಿದ ಜಲ್ಲಿ, ಎಂ ಸ್ಯಾಂಡು ಎಲ್ಲಾ ಗಾಳಿಗೆ ಟೈರಿಗೆ ಸರಿದು ಸರಿದು ಬಂದು ಸೇರೋದು ಅಂಚಿಗೇ, ಅದರ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ಜಾರತ್ತೆ. ಇಷ್ಟರ ಮಧ್ಯ ಎದುರಿಂದ ರಾಂಗ್ ಸೈಡಲ್ಲಿ ಬೈಕುಗಳು, ಅವ್ರಿಗೂ ಬೇಕಾಗಿರೋದು ಅದೇ ಮೂರಡಿ. ಮಳೆ ಬಂದ ಮಾರನೇ ದಿನ ನೀರು ನಿಂತು ಇದ್ಯಾವುದೂ ಕಾಣಲ್ಲ. ಸೈಕಲ್‌ನವರು ಇದ್ದಕ್ಕಿದ್ದಂಗೆ ಬಲಕ್ಕೆ ಬಂದ್ರು ಅಂತ ನಿಮಗೆ ಅನ್ಸೋ ಹೊತ್ತಿಗೆ ಅವ್ರು ಹತ್ತು ಮೀಟರ್ ಮುಂಚೆನೇ ಒಂದು ಗುಂಡಿ ನೋಡಿರ್ತಾರೆ. ಅದಕ್ಕೆ ನಾನು ಅಂಚಿಂದ ಒಂದು ಮೀಟರಾದ್ರೂ ಬಿಟ್ಟು, ಒಂದೇ ಗೆರೇಲಿ ಓಡಿಸ್ತೀನಿ. ಅಂಚಿಗೆ ಹೋಗಿ ಹೋಗಿ ಹೊರಗೆ ಬರೋದಕ್ಕಿಂತ ಅದು ನಿಮಗೂ ವಾಸಿ, ಮುಂದೆ ಹೋಗ್ತಿರೋನು ಎಲ್ಲಿರ್ತಾನೆ ಅಂತ ನಿಮಗೆ ಗೊತ್ತಿರತ್ತೆ.

ಇನ್ನು ಆ ಜಾಗದಲ್ಲಿ ನಿಂತಿರೋ ಕಾರುಗಳು. ಎರಡು ವರ್ಷದ ಹಿಂದೆ ಬನಶಂಕರಿ ದೇವಸ್ಥಾನ ದಾಟಿ ಸಾರಕ್ಕಿ ಸಿಗ್ನಲ್ ಕಡೆ ಬರ್ತಿದ್ದೆ, ಸಾಯಂಕಾಲ ಆರೂವರೆ ಇರ್ಬೇಕು. ಹಿಂದೆ ಒಂದು ಟೆಂಪೋ ಹಾರ್ನ್ ಹೊಡೀತಾನೇ ಇತ್ತು, ಹೋಗ್ಲಿ ಬಿಡು ಅಂತ ಎಡಕ್ಕೆ ಸರಿದೆ, ಅಷ್ಟೇ, ಅಂಗಡಿ ಮುಂದೆ ನಿಂತಿದ್ದ ಕಾರಿನ ಬಾಗಿಲು ತೆಗೀತು. ಶಬ್ದ ನೆನಪಿದೆ, ನೋವು ಆಮೇಲೆ ಬಂತು. ಬಾಗಿಲಿನ ಅಂಚು ಹ್ಯಾಂಡಲ್‌ಗೆ ತಾಗಿ ನಾನು ಬಲಕ್ಕೆ ಬಿದ್ದೆ, ಮೊಣಕೈ ಡಾಂಬರಿಗೆ ಕಿತ್ತುಹೋಯ್ತು, ಆ ಟೆಂಪೋ ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಇವತ್ತು ಬರೀತಿದೀನಿ. ಬಂಪರ್ ನನ್ನ ಕಾಲಿಂದ ಒಂದು ಮೊಳ ದೂರದಲ್ಲಿತ್ತು. ಕಾರಿಂದ ಇಳಿದವರು ಅರವತ್ತು ದಾಟಿದ ಹಿರಿಯರು, ಕೈ ನಡುಗ್ತಿತ್ತು ಅವ್ರದ್ದು, ನೀರಿನ ಬಾಟ್ಲಿ ಮುಚ್ಚಳ ತೆಗೆಯೋಕೇ ಆಗ್ತಿರ್ಲಿಲ್ಲ. "ಕನ್ನಡಿ ನೋಡ್ಲೇ ಇಲ್ಲ ಕಣಪ್ಪ, ನೋಡ್ಲೇ ಇಲ್ಲ" ಅಂತ ಅದನ್ನೇ ಹೇಳ್ತಿದ್ರು. ಅವ್ರ ಮೇಲೆ ನನಗೆ ಕೋಪ ಬರ್ಲಿಲ್ಲ. ಅಪ್ಪನ ವಯಸ್ಸಿನವರು, ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ.

ನಿಂತ ಕಾರಿಂದ ನಾವು ಬಾಗಿಲಷ್ಟು ದೂರ ಇಟ್ಕೊಂಡು ಹೋಗೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಒಂದು ಅಭ್ಯಾಸ ಇದೆ, ನಾನೂ ಕಾರಲ್ಲಿ ಮಾಡ್ತೀನಿ. ಡ್ರೈವರ್ ಸೀಟಿಂದ ಇಳಿಯುವಾಗ ಬಲಗೈಲಿ ಬಾಗಿಲು ತೆಗೀಬೇಡಿ, ಎಡಗೈ ಚಾಚಿ ತೆಗೀರಿ. ಆಗ ಭುಜ ತಾನಾಗೇ ತಿರುಗತ್ತೆ, ಕಣ್ಣು ಹಿಂದಕ್ಕೆ ಹೋಗತ್ತೆ. ನೆದರ್ಲೆಂಡ್ಸ್‌ನಲ್ಲಿ ಬಹಳ ಹಿಂದಿಂದ ಇದೆ ಅಂತ ಇದನ್ನ ಡಚ್ ರೀಚ್ ಅಂತಾರೆ, ಬ್ರಿಟನ್‌ನವರು 2022ರಲ್ಲಿ ತಮ್ಮ ರಸ್ತೆ ನಿಯಮದ ಪುಸ್ತಕಕ್ಕೇ ಸೇರಿಸಿದ್ರು. ದುಡ್ಡು ಖರ್ಚಿಲ್ಲ, ಒಂದು ವಾರ ನೆನಪಿಟ್ಕೊಂಡು ಮಾಡಿದ್ರೆ ರೂಢಿ ಆಗತ್ತೆ.

ಹಾರ್ನ್ ವಿಷಯಕ್ಕೆ ಬರ್ತೀನಿ. ಸೈಕಲ್‌ಗೆ ಸಾಮಾನ್ಯವಾಗಿ ಕನ್ನಡಿ ಇರಲ್ಲ. ಹಿಂದೆ ಹತ್ತಿರದಲ್ಲಿ ಜೋರಾಗಿ ಹಾರ್ನ್ ಬಿತ್ತು ಅಂದ್ರೆ ಏನು ಬರ್ತಿದೆ ಅಂತ ತಿರುಗಿ ನೋಡ್ಲೇಬೇಕು, ಬಲಭುಜದ ಮೇಲಿಂದ ತಿರುಗಿ ನೋಡಿದ್ರೆ ಹ್ಯಾಂಡಲ್ಲೂ ಸ್ವಲ್ಪ ಬಲಕ್ಕೆ ಎಳೆಯತ್ತೆ. ಬೇಕಾದ್ರೆ ಖಾಲಿ ಮೈದಾನದಲ್ಲಿ ಓಡಿಸಿ ನೋಡಿ. ಅಂದ್ರೆ ಸೈಡ್ ಕೊಡ್ಲಿ ಅಂತ ನೀವು ಹೊಡೆದ ಹಾರ್ನೇ ಸೈಕಲ್ಲನ್ನ ನಿಮ್ಮ ದಾರಿಗೆ ತರತ್ತೆ. ನೀವು ಗುರಾಯಿಸೋದು ಅಂದ್ಕೊಂಡಿದ್ದು ಎಷ್ಟೋ ಸಲ ಗಾಬರಿ. ದೂರದಿಂದಲೇ ಒಂದ್ಸಲ ಚಿಕ್ಕದಾಗಿ ಒತ್ತಿದ್ರೆ ಸಾಕು, ಬಂದ್ರು ಅಂತ ಗೊತ್ತಾಗತ್ತೆ.

ಅದಕ್ಕಿಂತ ಭಯ ಆಗೋದು ಎಡಕ್ಕೆ ತಿರುಗೋ ಗಾಡಿಗಳದ್ದು. ಓವರ್‌ಟೇಕ್ ಮಾಡಿ, ಹತ್ತು ಮೀಟರ್ ಮುಂದೆ ಹೋಗಿ, ಅಲ್ಲೇ ಎಡಕ್ಕೆ ತಿರುಗಿಬಿಡ್ತಾರೆ, ಇಂಡಿಕೇಟರ್ ಹಾಕಿದ್ರೂ ಪ್ರಯೋಜನ ಇಲ್ಲ, ನಾನು ಅವ್ರ ಬಾಗಿಲ ಪಕ್ಕದಲ್ಲೇ ಇರ್ತೀನಿ. ಬಸ್ಸು ಲಾರಿ ಆದ್ರೆ ಇನ್ನೂ ಕಷ್ಟ, ಮುಂದಿನ ಚಕ್ರ ಮುಂದೆ ಹೋದ್ಮೇಲೆ ಹಿಂದಿನ ಚಕ್ರ ಒಳಗೆ ಕತ್ತರಿಸಿಕೊಂಡು ಬರತ್ತೆ, ಅಲ್ಲಿ ಸಿಕ್ಕಿದವನು ಡ್ರೈವರ್‌ಗೆ ಕಾಣೋದೂ ಇಲ್ಲ. ಸಿಗ್ನಲ್‌ನಲ್ಲಿ ಲಾರಿ ಎಡಗಡೆ ಸಂದಿಗೆ ನಾನು ಯಾವತ್ತೂ ನುಗ್ಗಲ್ಲ, ಸೈಕಲ್ ಓಡಿಸೋರಿಗೆಲ್ಲ ಇದನ್ನ ಕೈಮುಗಿದು ಹೇಳ್ತೀನಿ.

ರೋಡ್ ಟ್ಯಾಕ್ಸ್. ಕಾರು ತಗೊಂಡಾಗ ನಾನೂ ಕಟ್ಟಿದೀನಿ, ಕರ್ನಾಟಕದಲ್ಲಿ ಅದು ಕಮ್ಮಿ ಏನಲ್ಲ, ನೋವು ಅರ್ಥ ಆಗತ್ತೆ. ಆದ್ರೆ ಆ ದುಡ್ಡು ಮೋಟಾರು ವಾಹನ ತೆರಿಗೆ ಅಂತ ರಾಜ್ಯ ಸರ್ಕಾರಕ್ಕೆ ಹೋಗತ್ತೆ. ನಿಮ್ಮ ಮನೆ ಮುಂದಿನ ರೋಡಿಗೆ ಪಾಲಿಕೆ ಹಾಕೋ ದುಡ್ಡಲ್ಲಿ ಮನೆ ಕಂದಾಯ ಸೇರಿರತ್ತೆ, ಸರ್ಕಾರದ ಅನುದಾನ ಇರತ್ತೆ, ಅದರಲ್ಲಿ ಎಲ್ಲರದ್ದೂ ಪಾಲಿದೆ, ಬಾಡಿಗೆ ಮನೆಯವನೂ ಬಾಡಿಗೇಲಿ ಅದನ್ನ ಕಟ್ತಾನೆ. ನಮ್ಮಪ್ಪ ಜಾಲಹಳ್ಳಿ ಕಡೆ ಒಂದು ಫ್ಯಾಕ್ಟರೀಲಿ ಇದ್ರು, ಮತ್ತಿಕೆರೆಯಿಂದ ಸೈಕಲ್ಲಲ್ಲೇ ಶಿಫ್ಟಿಗೆ. ಅವ್ರು ಹುಡುಗ ಆಗಿದ್ದಾಗ ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸ್ಕೋಬೇಕಿತ್ತಂತೆ, ರಾತ್ರಿ ಲೈಟಿಲ್ದೆ ಹೋದ್ರೆ, ಡಬಲ್ಸ್ ಹೋದ್ರೆ ಪೊಲೀಸ್ನೋರು ಹಿಡೀತಿದ್ರಂತೆ. ಆ ಬಿಲ್ಲೆ ಇತ್ತು ಅಂತ ರೋಡು ಅವ್ರದ್ದಾಗಿರ್ಲಿಲ್ಲ, ಇಲ್ಲ ಅಂತ ಈಗ ಬೇರೆಯವರದ್ದೂ ಆಗಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವಾಗ ಅವ್ರ ಡೈನಮೊ ಟೈರಿಗೆ ಉಜ್ಜೋ ಗುಂಯ್ ಅನ್ನೋ ಶಬ್ದ ಗಲ್ಲಿ ತಿರುವಿಂದಲೇ ಕೇಳ್ತಿತ್ತು, ಅಮ್ಮ ಅದು ಕೇಳಿದ್ಮೇಲೆ ಸ್ಟವ್ ಹಚ್ಚೋರು.

ಒಂದ್ಸಲ ಒಬ್ಬ ಕ್ಯಾಬ್ ಡ್ರೈವರ್ ಜೊತೆ ನಾನೇ ಜಗಳ ಆಡಿದೀನಿ. ಕೈಗೆ ಕನ್ನಡಿ ತಾಗೋಷ್ಟು ಹತ್ತಿರ ಕಟ್ ಹೊಡ್ಕೊಂಡು ಹೋದ್ರು, ಸಾರಕ್ಕಿ ಸಿಗ್ನಲ್‌ನಲ್ಲಿ ಸಿಕ್ಕಿದ್ರು, ಗಾಜು ತಟ್ಟಿದೆ. ತಟ್ಟಬಾರದಿತ್ತು. ಇಳಿದು ಬಂದ್ರು, ಇಬ್ರೂ ಕೂಗಾಡಿದ್ವಿ, ಹಿಂದಿನವರು ಹಾರ್ನ್ ಶುರು ಮಾಡಿದ್ರು. ಹೋಗುವಾಗ ಅವ್ರು ಒಂದು ಮಾತಂದ್ರು, "ನಿಮ್ದು ಶೋಕಿ ಸರ್, ನಮ್ದು ಹೊಟ್ಟೆಪಾಡು." ರಾತ್ರಿ ಪೂರ್ತಿ ತಲೇಲಿ ಅದೇ. ನನ್ನ ವಿಷಯದಲ್ಲಿ ಅವ್ರು ಹೇಳಿದ್ದು ತಪ್ಪಲ್ಲ, ನನಗೆ ಕಾರಿದೆ, ಮೆಟ್ರೋ ಇದೆ, ಸೈಕಲ್ ನಾನು ಆರಿಸ್ಕೊಂಡಿದ್ದು. ಆದ್ರೆ ಬೆಳಗ್ಗೆ ಆರು ಗಂಟೆಗೆ ಕನಕಪುರ ರೋಡಿಗೆ ಬನ್ನಿ, ನೈಟ್ ಡ್ಯೂಟಿ ಮುಗಿಸಿ ಬರೋ ಸೆಕ್ಯುರಿಟಿಯವರು, ಪೇಪರ್ ಹಾಕೋ ಹುಡುಗರು, ಕ್ಯಾರಿಯರ್‌ಗೆ ಬಣ್ಣದ ಡಬ್ಬ ಕಟ್ಕೊಂಡಿರೋ ಪೇಂಟರ್‌ಗಳು, ಫ್ಲಾಸ್ಕಿನಲ್ಲಿ ಟೀ ಮಾರೋರು. ಅವ್ರಿಗೂ ಅದು ಹೊಟ್ಟೆಪಾಡೇ. ಹೆಲ್ಮೆಟ್ ಇಲ್ಲ, ಹಿಂದೆ ಕೆಂಪು ಲೈಟಿಲ್ಲ, ಗಾಜು ತಟ್ಟಿ ಕೇಳೋ ಧೈರ್ಯವೂ ಇಲ್ಲ, ಹಾರ್ನ್ ಬಿದ್ರೆ ಇಳಿದು ಪಕ್ಕಕ್ಕೆ ನಿಂತ್ಕೊಂಡುಬಿಡ್ತಾರೆ. ಬೇಕಾದ್ರೆ ನನ್ನಂಥೋನ ಮೇಲೆ ಸಿಟ್ಟು ಇಟ್ಕೊಳ್ಳಿ, ಬೇಜಾರಿಲ್ಲ, ಅವ್ರ ಪಕ್ಕದಲ್ಲಿ ಹೋಗುವಾಗ ದಯವಿಟ್ಟು ನಿಧಾನ ಮಾಡಿ. 40ರ ಸ್ಪೀಡಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗತ್ತೆ, 60ರಲ್ಲಿ ಹದಿನಾರು ದಾಟತ್ತೆ. 30ರಿಂದ 60ಕ್ಕೆ ಹೋದ್ರೆ ಗುದ್ದೋ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಎಲ್ಲಾ ನಿಲ್ಲಿಸಿದ್ರು, ಆ ವೇಗಕ್ಕೆ ಅದು ಸರಿ ಅಂತ ನಾನೂ ಒಪ್ತೀನಿ. ಆದ್ರೆ ಜೆ.ಪಿ. ನಗರ ಎಕ್ಸ್‌ಪ್ರೆಸ್‌ವೇ ಅಲ್ಲ, ಅಲ್ಲಿ ಶಾಲೆ ಇದೆ, ಸೊಪ್ಪಿನ ಗಾಡಿ ಇದೆ.

ಪ್ರತ್ಯೇಕ ಲೇನ್ ಮಾಡ್ಲಿ ಅಂತೀರ. ಮಾಡಿದ್ರು. ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ 2019ರಲ್ಲಿ ಬಸ್ಸಿಗೆ ಬೇರೆ ಲೇನ್ ಬಂತು, 2020ರಲ್ಲಿ ಸೈಕಲ್ಲಿಗೂ ಬೊಲಾರ್ಡ್ ಅಂದ್ರೆ ಗಿಡ್ಡ ಕಂಬಗಳನ್ನ ನೆಟ್ಟು ಲೇನ್ ಮಾಡಿದ್ರು, ಆಮೇಲೆ ಮೆಟ್ರೋ ನೀಲಿ ಮಾರ್ಗದ ಕೆಲಸಕ್ಕೆ ಎರಡೂ ಹೋದ್ವು. ಜಯನಗರದಲ್ಲಿ ಅದಕ್ಕೂ ವರ್ಷಗಟ್ಟಲೆ ಮೊದ್ಲೇ ಸೈಕಲ್ ಲೇನ್ ಗೆರೆ ಎಳೆದಿದ್ರು, ಅದರ ಮೇಲೆ ಕಾರು ನಿಲ್ತು. ಬರೀ ಬಣ್ಣ ಬಳಿದ್ರೆ ಅದು ಪಾರ್ಕಿಂಗೇ ಆಗೋದು, ನಡುವೆ ಕಲ್ಲಿನ ಅಂಚು ಬೇಕು. ಮೈಸೂರಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಅಂತ ಬಾಡಿಗೆ ಸೈಕಲ್ ಶುರು ಮಾಡಿದ್ರಲ್ಲ, ಅಲ್ಲಿ ನಾನು ಓಡಿಸಿದೀನಿ, ಗಾಡಿಗಳು ಕಮ್ಮಿ ವೇಗದಲ್ಲಿದ್ರೆ ಲೇನ್ ಇಲ್ದೆನೂ ಎಷ್ಟು ನೆಮ್ಮದಿ ಅಂತ ಅಲ್ಲಿ ಗೊತ್ತಾಯ್ತು.

ನಮ್ಮ ಕಡೆ ತಪ್ಪಿದೆ, ಮುಚ್ಚಿಡಲ್ಲ. ಸಿಗ್ನಲ್ ಹಾರೋದು, ಕಿವೀಲಿ ಇಯರ್‌ಫೋನ್, ರಾತ್ರಿ ಲೈಟಿಲ್ಲದೆ ಕಪ್ಪು ಟೀಶರ್ಟ್, ಭಾನುವಾರ ಇಪ್ಪತ್ತು ಜನ ಅಕ್ಕಪಕ್ಕ ಮಾತಾಡ್ತಾ ಎರಡು ಲೇನ್ ತುಂಬ್ಕೊಂಡು ಹೋಗೋದು. ಸಿಗ್ನಲ್ ಎಲ್ಲರಿಗೂ ಒಂದೇ. ನನ್ನ ಜೊತೆ ಬರೋರಿಗೆ ನಾನು ಬೈತೀನಿ, ಒಬ್ಬಿಬ್ರು ಮಾತು ಬಿಟ್ಟಿದಾರೆ.

ಕಾನೂನು ಸ್ವಲ್ಪ ಹೇಳಿಬಿಡ್ತೀನಿ, ಬೆಳಗಿನ ಆ ಜನಕ್ಕೆ ಯಾರೂ ಹೇಳಿರಲ್ಲ. ಅಪಾಯ ಆಗೋ ಥರ ಗಾಡಿ ಓಡಿಸಿದ್ರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 184, ಸೈಕಲ್‌ನವರಿಗೆ ಅಪಾಯ ಮಾಡಿದ್ರೂ ಅದೇ. ಗುದ್ದಿ ಓಡಿಹೋದ ಗಾಡಿ ಯಾವ್ದು ಅಂತ ಪತ್ತೆ ಆಗದಿದ್ರೂ 2022ರ ಯೋಜನೆ ಪ್ರಕಾರ ಪ್ರಾಣ ಹೋದ್ರೆ ಮನೆಯವರಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ಪರಿಹಾರ ಇದೆ, ಅದಕ್ಕೆ ಪೊಲೀಸ್ ದೂರು ಆಗಿರ್ಬೇಕು. ಬಿದ್ದವರನ್ನ ಆಸ್ಪತ್ರೆಗೆ ಸೇರಿಸಿದವರಿಗೆ ಕಾಯ್ದೆಯಲ್ಲೇ ರಕ್ಷಣೆ ಇದೆ, 2019ರ ತಿದ್ದುಪಡೀಲಿ ಸೇರಿಸಿದ್ದು, ಕೇಸು ತಲೆಮೇಲೆ ಬರತ್ತೆ ಅಂತ ಹೆದರಿ ಬಿಟ್ಟು ಹೋಗ್ಬೇಡಿ.

ಸೈಡ್ ಯಾಕೆ ಕೊಡಲ್ಲ ಅಂದ್ರಲ್ಲ, ಕೊಡ್ತೀವಿ, ಕೈ ನೋಡಿ. ನಾನು ಬಲಗೈ ಕೆಳಗೆ ಮಾಡಿ ಅಂಗೈ ನಿಮಗೆ ತೋರಿಸಿದ್ರೆ ಮುಂದೆ ಗುಂಡಿಯೋ ನಿಂತ ಕಾರೋ ಇದೆ, ಒಂದು ಐದು ಸೆಕೆಂಡು ಹಿಂದೇನೇ ಇರಿ ಅಂತ. ಅದನ್ನ ದಾಟಿದ ತಕ್ಷಣ ಎಡಕ್ಕೆ ಸರಿದು ಕೈ ಮುಂದಕ್ಕೆ ಬೀಸ್ತೀನಿ, ಆಗ ಒಂದು ಬಾಗಿಲಿನಷ್ಟು ಜಾಗ ಬಿಟ್ಟು ಆರಾಮಾಗಿ ಹೋಗಿ.